ಬಿಸಿಜಿ ಕಲೆಯೂ ಶೀಸೆಯೊಳಗಿನ ಪ್ರೊಟೀನೂ

ಸೊಲ್ಲಾಪುರ: ನಮ್ಮ ಎಡ ತೋಳಿನ ಮೇಲೊಂದು ಸಣ್ಣ ಕಲೆ ಇರುತ್ತದಲ್ಲ, ಅದು ಕೂಸಿದ್ದಾಗ ಹಾಕಿಸಿದ ಬಿಸಿಜಿ ಲಸಿಕೆಯ ಗುರುತು. ಕ್ಷಯ ಬಾರದಿರಲೆಂದು ಹಾಕುವ ಈ ಲಸಿಕೆಯಲ್ಲಿ ಕ್ಷಯದ ರೋಗಾಣುವಿನ ದಾಯಾದಿಯೊಂದು ಜೀವಂತ ಇರುತ್ತದೆ, ಆದರೆ ಅದರ ಕಸುವು ತೆಗೆದಿರುತ್ತಾರೆ. ಗುಳ್ಳೆ ಎದ್ದು ಒಣಗಿದರೆ ಮುಗಿಯಿತು. ಟರ್ಕಿ ಮತ್ತು ಇರಾನಿನ ಕೆಲವೇ ಮಕ್ಕಳಿಗೆ ಮಾತ್ರ ಈ ಲಸಿಕೆಯೇ ಬೇನೆ ತಂದಿತು. ಕಾರಣ ಹುಡುಕಿದವರಿಗೆ ಸಿಕ್ಕಿದ್ದು ಒಂದು ಪ್ರೊಟೀನಿನ ಕೊರತೆ. ಅದರ ಹೆಸರು ಐಎಸ್‌ಜಿ-15.

ಹೆಸರು ನೋಡಿ ಪುಟ ತಿರುವಬೇಡಿ. ಚಾದರ್ ಕಾರ್ಖಾನೆಯಲ್ಲಿ ಕೆಟ್ಟ ಮಾಲಿಗೆ ಚೀಟಿ ಹಚ್ಚಿ ಬದಿಗಿಡುವಂತೆ, ನಮ್ಮ ಜೀವಕೋಶವೂ ಬೇಡಾದ ಪ್ರೊಟೀನಿಗೆ ಚೀಟಿ ಹಚ್ಚುತ್ತದೆ. ಆ ಚೀಟಿಯೇ ಯುಬಿಕ್ವಿಟಿನ್. ಈ ಏರ್ಪಾಟನ್ನು ಕಂಡುಹಿಡಿದ ಸಿಚನೋವರ್, ಹರ್ಷ್ಕೊ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಐಎಸ್‌ಜಿ-15 ಇದರದೇ ಬಳಗದ್ದು. ಎರಡು ಯುಬಿಕ್ವಿಟಿನ್ ಜೋಡಿಸಿದಂತೆ ಕಾಣುತ್ತದೆ. ವೈರಸ್ ಹೊಕ್ಕಾಗ ದೇಹ ಇಂಟರ್‌ಫೆರಾನ್ ಎಂಬ ಕೂಗು ಹಾಕುತ್ತದೆ, ಆಗ ಇದು ರಾಶಿಗಟ್ಟಲೆ ತಯಾರಾಗುತ್ತದೆ. ಒಂದಿಷ್ಟು ಬೇರೆ ಪ್ರೊಟೀನುಗಳಿಗೆ ಅಂಟಿಕೊಂಡರೆ, ಒಂದಿಷ್ಟು ಕೋಶದ ಹೊರಗೆ ಹೋಗುತ್ತದೆ.

ಇಲಿಗಳಲ್ಲಿ ಇದು ವೈರಸ್ ವಿರುದ್ಧ ಕಾದಾಡುತ್ತದೆಂದು ಮೊದಲೇ ಗೊತ್ತಿತ್ತು. ಮನುಷ್ಯರಲ್ಲೂ ಹಂಗೇ ಇರಬೇಕೆಂದು ತಿಳಿಯುವುದು ಸಹಜ. ಆದರೆ 2012ರಲ್ಲಿ ಬೊಗುನೊವಿಚ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದೇ ಬೇರೆ. ಹುಟ್ಟಿನಿಂದ ಐಎಸ್‌ಜಿ-15 ಇಲ್ಲದ ಆ ಮಕ್ಕಳಿಗೆ ವೈರಸ್ಸಿನ ಕಾಟವೇನೂ ಹೆಚ್ಚಿರಲಿಲ್ಲ. ಕಾಡಿದ್ದು ಕ್ಷಯದ ಜಾತಿಯ ರೋಗಾಣು. ಅದನ್ನು ಹತ್ತಿಕ್ಕಲು ಬೇಕಾದ ಇಂಟರ್‌ಫೆರಾನ್-ಗಾಮಾ ಅವರ ರಕ್ತಕೋಶಗಳಲ್ಲಿ ಕಡಿಮೆ ಹುಟ್ಟುತ್ತಿತ್ತು. ಪ್ರಯೋಗಾಲಯದಲ್ಲಿ ಆ ಕೋಶಗಳಿಗೆ ಹೊರಗಿನಿಂದ ಐಎಸ್‌ಜಿ-15 ಹಾಕಿದಾಗ ಗಾಮಾ ಏರಿತು.

ಹೊರಗಿನಿಂದ ಹಾಕಲು ಅದು ಎಲ್ಲಿಂದ ಬಂತು? ಮಾನವನ ಜೀನನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸಿದರೆ ಅದು ಮಾನವ ಪ್ರೊಟೀನನ್ನೇ ಮಾಡಿಕೊಡುತ್ತದೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಕೂಡ 1982ರಿಂದ ಹೀಗೇ ಬರುತ್ತಿದೆ. ಇದನ್ನೇ ರೀಕಾಂಬಿನಂಟ್ ಅಂತಾರೆ. ಪ್ರೊಟೀನಿನ ತುದಿಗೆ ಹಿಸ್ಟಿಡಿನ್ ಎಂಬ ಬಾಲ ಕಟ್ಟಿದ್ದರೆ ನಿಕಲ್ ತುಂಬಿದ ಕೊಳವೆಯಲ್ಲಿ ಅದಷ್ಟೇ ಅಂಟಿ ನಿಲ್ಲುತ್ತದೆ, ಉಳಿದದ್ದು ತೊಳೆದು ಹೋಗುತ್ತದೆ. ಆದರೆ ಬ್ಯಾಕ್ಟೀರಿಯಾದ ವಿಷಾಂಶ ಚೂರು ಉಳಿದರೂ ಲೆಕ್ಕವೆಲ್ಲ ತಪ್ಪುತ್ತದೆ. ರಕ್ತಕೋಶಗಳು ಪ್ರೊಟೀನಿಗೆ ಸ್ಪಂದಿಸಿದವೋ, ಆ ವಿಷಕ್ಕೋ? ಖರೆ ಕಸರತ್ತು ಇರುವುದು ಈ ಶುದ್ಧೀಕರಣದಲ್ಲಿ.

ಕೋವಿಡ್ ಕಾಲದಲ್ಲೂ ಇದು ಕೆಲಸಕ್ಕೆ ಬಂತು. ಕೊರೊನಾ ವೈರಸ್ಸಿನ ಒಂದು ಕತ್ತರಿ, ಅಂದರೆ ಪಿಎಲ್‌ಪ್ರೊ ಎಂಬ ಕಿಣ್ವ, ಐಎಸ್‌ಜಿ-15ನ್ನು ಅಂಟಿದ ಪ್ರೊಟೀನುಗಳಿಂದ ಕತ್ತರಿಸಿ ಹಾಕುತ್ತದೆಂದು ಫ್ರಾಂಕ್‌ಫರ್ಟಿನ ಇವಾನ್ ಡಿಕಿಚ್ ತಂಡ 2020ರಲ್ಲಿ ತೋರಿಸಿತು. ಕತ್ತರಿಯನ್ನು ತಡೆಯುವ ಔಷಧ ಹುಡುಕುವವರು ಪ್ರೊಟೀನಿನ ತುದಿಗೆ ಬಣ್ಣವೊಂದನ್ನು ಜೋಡಿಸುತ್ತಾರೆ. ಕತ್ತರಿ ಆಡಿದರೆ ಬಣ್ಣ ಬಿಡುಗಡೆಯಾಗಿ ಹೊಳೆಯುತ್ತದೆ. ಔಷಧ ಹಿಡಿದರೆ ಹೊಳಪು ಕುಂದುತ್ತದೆ.

ಹಾಗಂತ ಶೀಸೆಯಲ್ಲಿರುವುದು ಔಷಧವಲ್ಲ. 'ಸಂಶೋಧನೆಗೆ ಮಾತ್ರ' ಎಂಬ ಚೀಟಿ ಹೊತ್ತು, ಸಾಮಾನ್ಯವಾಗಿ ಮೈನಸ್ 80 ಡಿಗ್ರಿ ಚಳಿಯಲ್ಲಿ ಕೂತಿರುತ್ತದೆ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಕೆಡುವ ಭಯ, ಅದಕ್ಕೇ ಒಂದೊಂದು ಸಲಕ್ಕೆ ಬೇಕಾಗುವಷ್ಟನ್ನೇ ಮೊದಲೇ ಹಂಚಿ ಇಡುತ್ತಾರೆ.