ಮಗಳಿಗೊಂದು ಎಲೆಕ್ಟ್ರಿಕ್ ಗಿಟಾರ್

ಶಾಲೆಯಿಂದ ಬಂದವಳೇ ಮಗಳು ‘ಅಮ್ಮಾ, ನನಗೊಂದು ಎಲೆಕ್ಟ್ರಿಕ್ ಗಿಟಾರ್ ಬೇಕು’ ಎಂದರೆ ನೀವೇನು ಮಾಡುತ್ತೀರಿ? ‘ವೀಣೆ ಕಲಿ, ಇಲ್ಲಾಂದ್ರೆ ಸುಮ್ಮನೆ ಓದ್ಕೋ’ ಎಂದು ಗದರಬಹುದು. ಇಲ್ಲವೇ ಅವಳ ಅಪ್ಪನ ಕಡೆ ಕೈ ತೋರಿಸಬಹುದು. ನಾನು ಎರಡನ್ನೂ ಮಾಡಿದೆ. ಕೊನೆಗೆ ಅವಳ ಹಟಕ್ಕೆ ಸೋತು, ಚೀಟಿ ದುಡ್ಡು ಕೈಗೆ ಬಂದ ತಿಂಗಳು ಅಂಗಡಿಗೆ ಕರೆದುಕೊಂಡು ಹೋದೆ.

ಗೋಡೆ ತುಂಬ ಗಿಟಾರುಗಳು! ಸೀರೆ ಅಂಗಡಿಯಲ್ಲಿ ಆಗುವ ಹಾಗೆಯೇ ಆಯಿತು ನೋಡಿ. ಕುಂಕುಮದ ಬಣ್ಣದ್ದೊಂದು ಫಳಫಳ ಹೊಳೆಯುತ್ತಿತ್ತು. ‘ಅದೇ ಇರಲಿ’ ಎಂದೆ. ಮಗಳು ಅದನ್ನು ಮಡಿಲಲ್ಲಿಟ್ಟುಕೊಂಡು ಕೂಡ ನೋಡಿರಲಿಲ್ಲ. ಎರಡೇ ತಿಂಗಳಲ್ಲಿ ಅದು ಬೀರುವಿನ ಮೇಲೇರಿತು. ‘ಬೆರಳು ನೋಯುತ್ತಮ್ಮಾ’ ಎಂದಾಗಲೆಲ್ಲ ‘ಎಲ್ಲಾ ನಾಲ್ಕು ದಿನದ ಉತ್ಸಾಹ, ಸೋಮಾರಿ’ ಎಂದು ಬೈದೆ. ವರ್ಷದ ಮೇಲೆ, ಗಿಟಾರ್ ಬಲ್ಲ ನೆಂಟರ ಹುಡುಗನೊಬ್ಬ ಬಂದಿದ್ದ. ಅದನ್ನು ಇಳಿಸಿ, ಧೂಳು ಒರೆಸಿ, ನಾಲ್ಕು ಸಲ ಮೀಟಿದವನು, ‘ಅತ್ತೆ, ತಂತಿ ಇಷ್ಟು ಮೇಲಿದ್ರೆ ನನಗೇ ಒತ್ತೋಕಾಗಲ್ಲ, ಪಾಪ ಅವಳೇನು ಮಾಡ್ತಾಳೆ?’ ಎಂದ. ನನ್ನ ಮುಖ ಸಣ್ಣದಾಯಿತು. ಮಗಳನ್ನು ಬೈದ ಮಾತುಗಳೆಲ್ಲ ನೆನಪಾದವು.

ನಿಮಗೆ ಹಾಗಾಗಬಾರದೆಂದು, ಆಮೇಲೆ ಕೇಳಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಸ್ವರ ಎಲ್ಲಿಂದ?

ವೀಣೆಯ ಕೊಡ ಟೊಳ್ಳು. ತಂತಿಯ ಕಂಪನ ಅಲ್ಲಿ ತುಂಬಿ ನಾದವಾಗುತ್ತದೆ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನ ಒಡಲೋ, ಗಟ್ಟಿ ಮರದ ಹಲಗೆ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವಿದ್ದು, ಅದಕ್ಕೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎನ್ನುತ್ತಾರೆ. ಮೇಲಿನ ತಂತಿ ನಡುಗಿದಾಗ ಸುರುಳಿಯಲ್ಲಿ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಕೇಳಿಸುತ್ತದೆ. ಆದ್ದರಿಂದ ಸ್ವರದ ಗುಣದಲ್ಲಿ ದೊಡ್ಡ ಪಾಲು ಪಿಕಪ್ ಮತ್ತು ಆಂಪ್ಲಿಫೈಯರಿನದು.

ಈ ಸುರುಳಿ ಸುತ್ತುವುದರಲ್ಲಿ ಹೆಸರಾದವರು ಒಬ್ಬ ಹೆಣ್ಣುಮಗಳು! ಅಮೆರಿಕದ ಫೆಂಡರ್ ಕಾರ್ಖಾನೆಗೆ 1956ರಲ್ಲಿ ಸೇರಿದ ಅಬಿಗೈಲ್ ಇಬಾರಾ ಸುತ್ತಿದ ಪಿಕಪ್‌ಗಳನ್ನು ವಾದಕರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ.

ಮೊದಲು ಕೈಗೆ ಒಗ್ಗಲಿ

ಅಂಗಡಿಯಲ್ಲಿ ಕಾಣುವ ಬಹುಪಾಲು ಗಿಟಾರುಗಳು ಎರಡು ಹಳೆಯ ಮಾದರಿಗಳ ಮಕ್ಕಳು, ಮೊಮ್ಮಕ್ಕಳು. ಒಂದು ಗಿಬ್ಸನ್ ಕಂಪನಿ 1952ರಲ್ಲಿ ತಂದ ಲೆಸ್ ಪಾಲ್. ಇನ್ನೊಂದು ಫೆಂಡರ್ 1954ರಲ್ಲಿ ತಂದ ಸ್ಟ್ರಾಟೋಕ್ಯಾಸ್ಟರ್. ಲೆಸ್ ಪಾಲ್ ಸಾಮಾನ್ಯವಾಗಿ ಭಾರ, ನಾಲ್ಕು ಕಿಲೋ ದಾಟುವುದೂ ಉಂಟು. ಎಳೆಯ ಹೆಗಲಿಗೆ ಅದು ಕಷ್ಟ. ಸ್ಟ್ರಾಟೋಕ್ಯಾಸ್ಟರ್ ಹಗುರ. ಅದರ ಅಂಚುಗಳನ್ನು ಮೈಗೆ ಒತ್ತದ ಹಾಗೆ ಕೆತ್ತಿರುತ್ತಾರೆ. ಆದರೆ ತಂತಿಯ ಉದ್ದದಲ್ಲಿ ಇದು ತಿರುಗುಮುರುಗು. ಫೆಂಡರಿನದು 25½ ಅಂಗುಲ, ಗಿಬ್ಸನ್‌ನದು ಸುಮಾರು 24¾. ಉದ್ದ ಕಡಿಮೆಯಾದರೆ ಅದೇ ತಂತಿ ಕೊಂಚ ಸಡಿಲವಾಗಿ ಒತ್ತಲು ಸುಲಭ, ಪುಟ್ಟ ಬೆರಳಿಗೆ ಮೆಟ್ಟಿಲುಗಳೂ ಹತ್ತಿರ. ಹಗುರವಾಗಿಯೂ ಇದ್ದು, ಉದ್ದವೂ ಕಡಿಮೆ ಇರುವ ಗಿಟಾರುಗಳು ಸಿಗುತ್ತವೆ. ಕೇಳಿ ನೋಡಿ.

ಎಲ್ಲಕ್ಕಿಂತ ಮುಖ್ಯ, ತಂತಿ ಮೆಟ್ಟಿಲಿನಿಂದ ಎಷ್ಟು ಮೇಲಿದೆ ಎಂಬುದು. ಹನ್ನೆರಡನೆಯ ಮೆಟ್ಟಿಲಿನ ಹತ್ತಿರ ಅದು 2 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ಕಲಿಯುವವರಿಗೆ ಹಿತ. ನಮ್ಮ ಕುಂಕುಮದ ಚೆಲುವೆಯಲ್ಲಿ ಇದರ ಎರಡರಷ್ಟಿತ್ತು! ಕುದುರೆಯನ್ನು ತಗ್ಗಿಸಿ, ಕುತ್ತಿಗೆಯೊಳಗಿನ ಕಬ್ಬಿಣದ ಸರಳನ್ನು ತಿರುಗಿಸಿ ಇದನ್ನು ಸರಿಮಾಡಬಹುದು. ಕೊಳ್ಳುವಾಗಲೇ ಅಂಗಡಿಯವರಿಂದ ಮಾಡಿಸಿಕೊಳ್ಳಿ. ತಂತಿಯೂ ತೆಳುವಾಗಿರಲಿ. ‘ಒಂಬತ್ತರ ಸೆಟ್’ ಎಂದರೆ ಸಾಕು, ಅವರಿಗೆ ತಿಳಿಯುತ್ತದೆ.

ತೆಳು ತಂತಿಯನ್ನು ಎಳೆದು ಗಮಕವನ್ನೂ ನುಡಿಸಬಹುದು. ‘ಗಿಟಾರಿನಲ್ಲಿ ನಮ್ಮ ಸಂಗೀತ ಎಲ್ಲಿ ಬರುತ್ತೆ?’ ಎನ್ನುವ ಅಜ್ಜಿಯರಿಗೆ ಗಿಟಾರ್ ಪ್ರಸನ್ನ ಅವರ ಕರ್ನಾಟಕ ಸಂಗೀತವನ್ನು ಒಮ್ಮೆ ಕೇಳಿಸಿ.

ಹೊಳಪಿಗೆ ಮರುಳಾಗಬೇಡಿ

ಬಣ್ಣ, ಮೆರುಗು ಕಣ್ಣಿಗೆ ಹಬ್ಬ, ನಿಜ. ಹೆಬ್ಬೆರಳು ಓಡಾಡುವ ಕುತ್ತಿಗೆಯ ಹಿಂಭಾಗವನ್ನು ಮಾತ್ರ ಮರೆಯದೆ ಮುಟ್ಟಿ ನೋಡಿ. ಕನ್ನಡಿಯಂತೆ ಹೊಳೆಯುವ ಮೆರುಗಿದ್ದರೆ ಬೆವರಿದ ಕೈ ಅಂಟಿಕೊಳ್ಳುತ್ತದೆ. ಮಂಗಳೂರು, ಕಾರವಾರದ ಸೆಕೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಹೊಳಪಿಲ್ಲದ ನಯವಾದ ಮೆರುಗಿನ ಮೇಲೆ ಕೈ ಸಲೀಸಾಗಿ ಜಾರುತ್ತದೆ. ಹಳೆಯ ಕಾಲದ ನೈಟ್ರೋಸೆಲ್ಯುಲೋಸ್ ಮೆರುಗು ತೆಳುವಾಗಿ ಚೆಂದ, ಆದರೆ ಬೇಗ ಸವೆಯುತ್ತದೆ. ಕೆಲವು ರಬ್ಬರಿನ ಸ್ಟ್ಯಾಂಡುಗಳಿಗೆ ತಾಗಿದರೆ ಕಲೆಯೂ ಬೀಳುತ್ತದೆ. ಮಕ್ಕಳಿರುವ ಮನೆಗೆ ಈಗಿನ ಪಾಲಿಯುರೆಥೇನ್ ಮೆರುಗೇ ಬಾಳಿಕೆ.

ಮರದ ಮಾತು

ಅಂಗಡಿಯವರು ಮರದ ಹೆಸರುಗಳನ್ನು ಪಟಪಟನೆ ಹೇಳುತ್ತಾರೆ. ಲೆಸ್ ಪಾಲ್‌ಗೆ ಮಹಾಗನಿ ಒಡಲು, ಮೇಲೆ ಮೇಪಲ್ ಹೊದಿಕೆ. ಸ್ಟ್ರಾಟೋಕ್ಯಾಸ್ಟರಿಗೆ ಆಲ್ಡರ್ ಅಥವಾ ಆಶ್. ಅಗ್ಗದವುಗಳಿಗೆ ಬಾಸ್‌ವುಡ್, ಪಾಪ್ಲರ್. ಮಹಾಗನಿಯದು ದಪ್ಪ ದನಿ, ಆಶ್‌ನದು ಚುರುಕು ದನಿ ಎಂಬ ಮಾತಿದೆ. ಅದೆಷ್ಟು ನಿಜವೆಂದು ಬಲ್ಲವರಲ್ಲೇ ಜಗಳವಿದೆ! ಸಾರಿಗೆ ಬೇಳೆಯಷ್ಟು ಮುಖ್ಯ ಪಿಕಪ್, ಮರ ಏನಿದ್ದರೂ ಒಗ್ಗರಣೆ ಎಂದುಕೊಳ್ಳಿ. ಆ ಹೆಸರುಗಳಿಗಾಗಿ ಹೆಚ್ಚಿನ ಹಣ ಸುರಿಯಬೇಡಿ.

ಮರದಿಂದ ಕೈಗೆ ತಿಳಿಯುವ ವ್ಯತ್ಯಾಸ ಬೆರಳು ಒತ್ತುವ ಪಟ್ಟಿಯಲ್ಲಿದೆ. ಮೇಪಲ್ ಪಟ್ಟಿಗೆ ಮೆರುಗು ಹಚ್ಚುವುದರಿಂದ ಮುಟ್ಟಿದರೆ ಗಾಜಿನ ನುಣುಪು. ರೋಸ್‌ವುಡ್‌ಗೆ ಅದು ಬೇಕಿಲ್ಲ, ಬೆರಳಿಗೆ ಮರವೇ ತಾಗುತ್ತದೆ. ಇಂಡಿಯನ್ ರೋಸ್‌ವುಡ್ ಎಂದರೆ ಬೇರೇನಲ್ಲ, ನಮ್ಮ ಮಲೆನಾಡಿನ ಬೀಟೆ! ಬ್ರೆಜಿಲ್‌ನ ಬೀಟೆ ದುರ್ಲಭವಾದಂತೆ, 1960ರ ದಶಕದಲ್ಲಿ ಅಮೆರಿಕದ ತಯಾರಕರು ನಮ್ಮ ಬೀಟೆಗೆ ಕೈಚಾಚಿದರು. ಅದೂ ವಿರಳವಾಗುತ್ತ, 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ರಿಯಾಯಿತಿ ಸಿಕ್ಕಿತು. ಈಗ ಕಡಿಮೆ ಬೆಲೆಯ ಗಿಟಾರುಗಳಲ್ಲಿ ‘ಇಂಡಿಯನ್ ಲಾರೆಲ್’ ಎಂದಿದ್ದರೆ ಮೂಗು ಮುರಿಯಬೇಡಿ. ಅದು ನಮ್ಮ ಮತ್ತಿ ಮರ. ಬೀಟೆಯ ಹಾಗೆಯೇ ಕೈಗೆ ಒಗ್ಗುತ್ತದೆ.

ಅಂಗಡಿಗೆ ಹೋದಾಗ

* ನುಡಿಸುವವಳನ್ನು ಬಿಟ್ಟು ಹೋಗಬೇಡಿ. ಕೂತು, ನಿಂತು, ಹತ್ತು ನಿಮಿಷವಾದರೂ ಮೀಟಲಿ.
* ಕುತ್ತಿಗೆಯ ಅಂಚಿನುದ್ದಕ್ಕೂ ಬೆರಳಾಡಿಸಿ. ಮೆಟ್ಟಿಲಿನ ತುದಿಗಳು ಚುಚ್ಚಬಾರದು. ಬೇಸಿಗೆಯಲ್ಲಿ ಮರ ಒಣಗಿದರೆ ಇನ್ನಷ್ಟು ಚುಚ್ಚುತ್ತವೆ.
* ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲೂ ಒತ್ತಿ ನುಡಿಸಲಿ. ಎಲ್ಲೂ ಜರ್ ಎನ್ನಬಾರದು.
* ಬಿರಡೆ ತಿರುಗಿಸಿ ಶ್ರುತಿ ಮಾಡಿದ ಮೇಲೆ ಅದು ನಿಲ್ಲುತ್ತದೆಯೇ ನೋಡಿ.
* ಹಣವನ್ನೆಲ್ಲ ಗಿಟಾರಿಗೇ ಹಾಕಬೇಡಿ. ಹತ್ತು ವಾಟಿನ ಪುಟ್ಟ ಆಂಪ್ಲಿಫೈಯರ್ ಬೇಕೇ ಬೇಕು. ಹೆಡ್‌ಫೋನ್ ಹಾಕುವಂಥದ್ದಾದರೆ ಅಕ್ಕಪಕ್ಕದವರ ನಿದ್ದೆಯೂ ಉಳಿಯುತ್ತದೆ.
* ಮನೆಯ ಪ್ಲಗ್ಗಿಗೆ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಇಲ್ಲದಿದ್ದರೆ ಗುಂಯ್ ಎಂಬ ಸದ್ದಷ್ಟೇ ಅಲ್ಲ, ತಂತಿ ಮುಟ್ಟಿದರೆ ಶಾಕ್ ಹೊಡೆಯುವ ಅಪಾಯವೂ ಇದೆ.

ನಮ್ಮ ಗಿಟಾರಿನ ಕಥೆ ಏನಾಯಿತೆಂದಿರಾ? ಆ ಹುಡುಗನೇ ಕುದುರೆ ತಗ್ಗಿಸಿ, ತೆಳು ತಂತಿ ಹಾಕಿಕೊಟ್ಟ. ಮಗಳು ಅನುಮಾನದಿಂದಲೇ ಎತ್ತಿಕೊಂಡು ಒತ್ತಿದಳು. ‘ಅಮ್ಮಾ, ನೋಯ್ತಾ ಇಲ್ಲ!’ ಎಂದಳು. ‘ಬೈದದ್ದು ನನ್ನ ತಪ್ಪು ಕಣೇ’ ಎಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಆಗಲೇ ನುಡಿಸುವುದರಲ್ಲಿ ಮುಳುಗಿದ್ದಳು. ಬೀರುವಿನ ಮೇಲೆ ಈಗ ಹಳೇ ಸೂಟ್‌ಕೇಸಿದೆ. ಗಿಟಾರ್ ಅಲ್ಲಿಗೆ ಮತ್ತೆ ಹತ್ತಿಲ್ಲ.