ಹುಡ್ ಕೆಳಗೊಂದು ದೀಪ

ನವೆಂಬರಿನಲ್ಲಿ ಗಡಿಯಾರ ಹಿಂದೆ ಸರಿಸಿದ ಮೇಲೆ ಬೇ ಏರಿಯಾದಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಕೆಲಸ ಮುಗಿಸಿ ಬಂದು ಆಯಿಲ್ ನೋಡೋಣವೆಂದು ನಾವು ಕಾರಿನ ಹುಡ್, ಅಂದರೆ ನಮ್ಮೂರಿನ ಬಾನೆಟ್, ಎತ್ತಿದರೆ ಒಳಗೆಲ್ಲ ಕತ್ತಲು. ಅಲ್ಲೊಂದು 12 ವೋಲ್ಟಿನ ಎಲ್‌ಇಡಿ ದೀಪ ಕೂರಿಸುವುದು ಕಷ್ಟವಲ್ಲ. ಫ್ಯೂಸ್ ಎಲ್ಲಿಡಬೇಕೆಂದು ಮಾತ್ರ ತಿಳಿದಿರಬೇಕು.

10 ವ್ಯಾಟ್ ದೀಪಕ್ಕೆ 1 ಆಂಪಿಯರ್ ಕೂಡ ಬೇಡ. 2 ಆಂಪಿಯರ್ ಫ್ಯೂಸ್ ಸಾಕು. ಅದು ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಇರಲಿ, ದೀಪದ ಬಳಿ ಅಲ್ಲ. ತಂತಿಯ ಹೊದಿಕೆ ಸವೆದು ಕಾರಿನ ಲೋಹಕ್ಕೆ ತಾಗಿದರೆ ನೂರಾರು ಆಂಪಿಯರ್ ನುಗ್ಗಿ ಬೆಂಕಿಯೇ ಏಳಬಹುದು; ಫ್ಯೂಸ್ ಕಾಯುವುದು ತನ್ನ ಮುಂದಿನ ತಂತಿಯನ್ನು ಮಾತ್ರ. ಮೈನಸ್ ತಂತಿಯನ್ನು ಕಾರಿನ ಮೈಗೇ ಬಿಗಿದರಾಯಿತು. ಹುಡ್ ಎತ್ತಿದೊಡನೆ ದೀಪ ಹತ್ತಿಸುವ ಸ್ವಿಚ್ ಕೂಡ ಸಿಗುತ್ತದೆ ಮಕ್ಕಳೇ, ಫ್ರಿಜ್ ಬಾಗಿಲಿನದರಂತೆ. ಕೆಲಸ ಮುಗಿಯುವವರೆಗೂ ಬ್ಯಾಟರಿಯ ಮೈನಸ್ ಕಳಚಿರಲಿ.