ವಜ್ಜಿ ಇದ್ದದ್ದೆಲ್ಲ ಒಳ್ಳೆ ಡೊಳ್ಳಲ್ಲ: ಕೈಯಿಂದ ಮಾಡಿದ ಡೊಳ್ಳನ್ನು ಆರಿಸೋದು ಹೇಗೆ?

ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.

ಹಾವೇರಿಯಿಂದ ಮಾತಾಡ್ತಾ ಇದ್ದೀನಿ.

ಹೋದ ಸಂಚಿಕೆ ಆದಮೇಲೆ ಬೆಂಗಳೂರಿನ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ರು. "ಕೈಯಿಂದ ಮಾಡಿದ ಕಾಂಗಾ ಡ್ರಮ್ ತಗೋಬೇಕು ಅಂತಿದ್ದೀನಿ. ಏನು ನೋಡಿ ತಗೋಬೇಕು?" ನಾನು ಕಾಂಗಾ ಬಾರಿಸಿದವನಲ್ಲ. ಓದಿದ್ದು ಬಿ.ಕಾಂ. ಆದ್ರೆ ಡೊಳ್ಳು ಕೊಳ್ಳಲು ಹೋಗಿ ಕೈ ಸುಟ್ಟುಕೊಂಡವನು. ಮರ, ಚರ್ಮ, ಬಿಗಿತ, ಈ ಮೂರರ ಲೆಕ್ಕ ಕ್ಯೂಬಾದಲ್ಲೂ ಅದೇ, ಹಾವೇರಿಯಲ್ಲೂ ಅದೇ. ಹಾಗಾಗಿ ನನಗೆ ಗೊತ್ತಿರೋ ಡೊಳ್ಳಿನ ಕಡೆಯಿಂದಲೇ ಹೇಳ್ತೀನಿ.

ನಮ್ಮ ಊರು ರಾಣೆಬೆನ್ನೂರು ತಾಲೂಕಿನಲ್ಲಿದೆ. ಈ ಕಡೆ ಡೊಳ್ಳು ಅಂದ್ರೆ ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೀರಪ್ಪನ ಗುಡಿ ಇದ್ದಲ್ಲಿ ಡೊಳ್ಳಿದೆ. ಹಾಲುಮತದವರ ಮನೆಗಳಲ್ಲಿ ಅಜ್ಜನ ಕಾಲದ ಡೊಳ್ಳು ಇನ್ನೂ ಜಂತಿಗೆ ತೂಗುತ್ತಿರುತ್ತೆ. ಆದ್ರೆ ನಮ್ಮೂರಲ್ಲಿ ಅದನ್ನ ಹೆಗಲಿಗೆ ಹಾಕ್ತಾ ಇದ್ದವರೆಲ್ಲ ಗಂಡಸರೇ. ಹೋದ ವರ್ಷ ನನ್ನ ತಂಗಿ ಮತ್ತು ಅವಳ ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಸೇರಿ 8 ಜನ ಡೊಳ್ಳು ಕಲಿಯೋಣ ಅಂತ ನಿಂತ್ರು. ವಾರವಾರ ಉಳಿಸಿದ ದುಡ್ಡಲ್ಲಿ 4 ಡೊಳ್ಳು ಕೊಳ್ಳೋದು, ಇಬ್ಬರಿಗೆ ಒಂದರಂತೆ ಕಲಿಯೋದು ಅಂತ ಲೆಕ್ಕ. "ನೀ ಬಿ.ಕಾಂ. ಓದಿದಾಂವ ಅದಿ, ವ್ಯವಹಾರ ನೀನ ನೋಡು" ಅಂತ ಜವಾಬ್ದಾರಿ ನನಗೆ ಕೊಟ್ರು.

ನಾನು ಕಾಲೇಜಲ್ಲಿ ಕಲಿತದ್ದನ್ನೇ ಮಾಡಿದೆ. ಮೂರು ಕಡೆ ದರ ಕೇಳಿದೆ, ಕಡಿಮೆ ಹೇಳಿದವರ ಹತ್ತಿರ ಹೋದೆ. ಶ್ರಾವಣದ ಮಳೆ ದಿನ. ಡೊಳ್ಳು ಎತ್ತಿ ನೋಡಿದೆ, ಭಾರಿ ವಜ್ಜಿ ಇತ್ತು. "ಘಟ್ಟಿ ಕಟ್ಟಿಗಿ ಐತ್ರಿ, ಮೊಮ್ಮಕ್ಕಳ ಕಾಲಕ್ಕೂ ಬರತೈತಿ" ಅಂದ್ರು. ನಂಬಿದೆ. ಊರಿಗೆ ತಂದಾಗ ತಂಗಿ ಹೊರೋಕೆ ಆಗದೆ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಇಟ್ಟು ತೂಗಿದ್ಲು. 11 ಕಿಲೋ 200 ಗ್ರಾಂ. ಆ ಅಂಕಿ ಅವಳು ಸಂಘದ ಪುಸ್ತಕದಲ್ಲಿ ಬರೆದಿಟ್ಟಿದ್ದೇ ಮುಂದೆ ನಮ್ಮನ್ನು ಕಾಪಾಡಿತು.

ಶಿವರಾತ್ರಿ ಹೊತ್ತಿಗೆ ಬಿಸಿಲು ಏರಿತು. ಒಂದು ರಾತ್ರಿ ಪಟ್ ಅಂತ ಸದ್ದು. ಬೆಳಗ್ಗೆ ನೋಡಿದ್ರೆ ಒಂದು ಡೊಳ್ಳಿನ ಒಡಲು ಉದ್ದಕ್ಕೆ ಸೀಳಿತ್ತು. 15 ದಿನಕ್ಕೆ ಇನ್ನೊಂದು. "ಹೆಣ್ಮಕ್ಕಳು ಡೊಳ್ಳು ಮುಟ್ಟಿದ್ರ ಹಿಂಗ ಆಗೂದು" ಅಂತ ಕಟ್ಟೆ ಮೇಲೆ ಕೂತವರ ಮಾತು ಬೇರೆ. ಸಂಘದ ಅಕ್ಕಾರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮೆಣಸಿನಕಾಯಿ ಪಾಠ

ನಮ್ಮ ಸೋದರಮಾವ ಬ್ಯಾಡಗಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೀತಾರೆ. ಬ್ಯಾಡಗಿ ಮೆಣಸಿನಕಾಯಿ ಗೊತ್ತಲ್ಲ, ಸುಕ್ಕು ಸುಕ್ಕು, ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ಖರೀದಿದಾರರು ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಹಿಡಿದು ಹಿಸುಕ್ತಾರೆ. ಒಣಗಿದ ಕಾಯಿ ಗಲಗಲ ಅನ್ನುತ್ತೆ, ಒಳಗಿನ ಬೀಜ ಆಡುತ್ತೆ. ಹಸಿ ಇದ್ದರೆ ಮೆತ್ತಗೆ ಮುದುಡುತ್ತೆ, ಸದ್ದೇ ಬರಲ್ಲ.

ಒಡೆದ ಡೊಳ್ಳಿನ ಕಥೆ ಹೇಳಿದಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ. "ಅಳಿಯಾ, ಈಗ ತೂಗಿ ನೋಡಿಯೇನು?" ತೂಗಿದೆ. 9 ಕಿಲೋ 100 ಗ್ರಾಂ. ಎರಡು ಕಿಲೋಗಿಂತ ಹೆಚ್ಚು ಮಾಯ! ಮಾವ ನಕ್ಕರು. "ನೀ ಕಟ್ಟಿಗಿ ತಂದಿಲ್ಲೋ, ನೀರು ತಂದಿ. ವಜ್ಜಿ ಐತಿ ಅಂತ ಖುಷಿ ಪಡಬ್ಯಾಡ. ಹಸಿ ಮೆಣಸಿನಕಾಯಿನೂ ವಜ್ಜೀನ ಇರತೈತಿ."

ಇಡೀ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಡ್ತೀರಿ ಅಂದ್ರೆ ಇದನ್ನ ಇಟ್ಕೊಳ್ಳಿ. ಡೊಳ್ಳಿನ ಭಾರ ಅದರ ಗುಣಮಟ್ಟ ಅಲ್ಲ. ಮೊದಲು ಕೇಳಬೇಕಾದ ಪ್ರಶ್ನೆ: ಈ ಮರ ಒಣಗಿದೆಯಾ?

ಮರ ಯಾಕೆ ಸೀಳುತ್ತೆ

ಡೊಳ್ಳಿನ ಒಡಲು ಒಂದೇ ದಿಮ್ಮಿ. ಒಳಗಿನ ತಿರುಳನ್ನು ಕೊರೆದು ತೆಗೆದು ಪೊಳ್ಳು ಮಾಡ್ತಾರೆ. ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗಲ್ಲ. ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆ ಕಡೆಗೆ ಆಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ನಿಧಾನಕ್ಕೆ ಒಣಗಿದರೆ ಮರ ತಾಳಿಕೊಳ್ಳುತ್ತೆ. ನಮ್ಮ ಬಯಲುಸೀಮೆ ಬಿಸಿಲಿಗೆ ಗಬಕ್ಕನೆ ಒಣಗಿದರೆ ಸೀಳುತ್ತೆ. ಅದಕ್ಕೇ ಬಲ್ಲ ಬಡಿಗರು ದಿಮ್ಮಿಯನ್ನ ಮೊದಲು ಒರಟಾಗಿ ಕೊರೆದು, ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿದು, ತಿಂಗಳುಗಟ್ಟಲೆ ನೆರಳಲ್ಲಿ ಇಡ್ತಾರೆ. ನಾಜೂಕು ಕೆಲಸ ಎಲ್ಲ ಆಮೇಲೆ.

ಕಾಂಗಾ ಕೇಳಿದವರಿಗೆ ಇಲ್ಲೊಂದು ವ್ಯತ್ಯಾಸ. ಕ್ಯೂಬಾದಲ್ಲಿ ಹಳೇ ಪೀಪಾಯಿಗಳ ಹಲಗೆಗಳಿಂದ ಕಾಂಗಾ ಮಾಡ್ತಿದ್ರು. ಇವತ್ತಿಗೂ ಒಳ್ಳೆ ಮರದ ಕಾಂಗಾ ಅಂದ್ರೆ ಬಾಗಿಸಿದ ಪಟ್ಟಿಗಳನ್ನ ಅಂಟಿಸಿ ಜೋಡಿಸಿದ್ದು. ಪಟ್ಟಿ ತೆಳು ಇರೋದ್ರಿಂದ ಬೇಗ ಒಣಗುತ್ತೆ, ಸೀಳೋದು ಕಡಿಮೆ. ಅಲ್ಲಿ ನೀವು ನೋಡಬೇಕಾದ್ದು ಅಂಟಿನ ಸಂದು. ಡೊಳ್ಳಿನಲ್ಲಿ ನೋಡಬೇಕಾದ್ದು ಬಾಯಿಯ ಸುತ್ತ ಇರೋ ಕೂದಲೆಳೆ ಬಿರುಕು.

ಇನ್ನು ಯಾವ ಮರ? ಹೊನ್ನೆ, ಮಾವು, ಹಲಸು, ಶಿವನೆ, ಹೀಗೆ ಊರಿಂದ ಊರಿಗೆ ಬೇರೆ. ಒಂದು ಘನ ಅಡಿ ಒಣ ಹೊನ್ನೆ ಸುಮಾರು 22 ಕಿಲೋ, ಮಾವು 19, ಶಿವನೆ 14ರ ಆಸುಪಾಸು. ಹೊನ್ನೆ ಬಾಳಿಕೆಗೆ ಹೆಸರುವಾಸಿ. ಮಾವು ಸುಲಭವಾಗಿ ಸಿಗುತ್ತೆ, ಆದರೆ ಹುಳ ಬೇಗ ಹಿಡಿಯುತ್ತೆ. ಶಿವನೆ ಹಗುರ, ಒಣಗಿದ ಮೇಲೆ ಡೊಂಕಾಗೋದು ಕಡಿಮೆ. ಸದ್ದಿಗೂ ಫರಕು ಇದೆ. ಗಟ್ಟಿ, ಒಳಗೆ ನುಣುಪಾದ ಒಡಲು ಪೆಟ್ಟನ್ನ ತಾನು ಹೀರಿಕೊಳ್ಳದೆ ಸದ್ದಾಗಿ ಹೊರಗೆ ಬಿಡುತ್ತೆ. ಮೆತ್ತನೆಯ, ಒಳಗೆ ಒರಟು ಇರೋ ಒಡಲು ಸ್ವಲ್ಪ ನುಂಗುತ್ತೆ. ಆದ್ರೆ ಈ ಫರಕು ಚರ್ಮದ ಫರಕಿನ ಮುಂದೆ ಸಣ್ಣದು. ಮರಕ್ಕಿಂತ ಮುಚ್ಚಿಗೆ ಮಾತಾಡುತ್ತೆ.

ಚರ್ಮದ ಮಾತು

ಡೊಳ್ಳಿಗೆ ಎರಡು ಮುಖ. ಸಾಮಾನ್ಯವಾಗಿ ಕೋಲಿನಿಂದ ಹೊಡೆಯೋ ಬಲಕ್ಕೆ ಆಡಿನ ಚರ್ಮ, ಅಂಗೈಯಿಂದ ಬಾರಿಸೋ ಎಡಕ್ಕೆ ಕುರಿಯ ಚರ್ಮ. ಕಾರಣ ಕೈಗೇ ಗೊತ್ತಾಗುತ್ತೆ. ಆಡಿನ ಚರ್ಮದ ಎಳೆ ಬಿಗಿ, ಕೋಲಿನ ಪೆಟ್ಟು ತಡೆಯುತ್ತೆ, ಚುರುಕಾಗಿ ಮಾತಾಡುತ್ತೆ. ಕುರಿಯ ಚರ್ಮದ ಪದರಗಳ ನಡುವೆ ಕೊಬ್ಬು ಇರೋದ್ರಿಂದ ಅದು ಸಡಿಲ, ಮೆತ್ತಗೆ, ಸದ್ದೂ ದಪ್ಪ. ಒಂದು ಮುಖ ಬಾರಿಸಿದಾಗ ಒಳಗಿನ ಗಾಳಿ ಇನ್ನೊಂದು ಮುಖವನ್ನೂ ಅಲುಗಾಡಿಸುತ್ತೆ. ಹಾಗಾಗಿ ಎಡ ಹಾಳಾದ್ರೆ ಬಲದ ಸದ್ದೂ ಕೆಡುತ್ತೆ.

ಶ್ರುತಿ ನಿರ್ಧಾರ ಆಗೋದು ಮೂರರಿಂದ. ಮುಖ ದೊಡ್ಡದಾದಷ್ಟು ಸದ್ದು ತಗ್ಗು. ಚರ್ಮ ದಪ್ಪ ಆದಷ್ಟೂ ತಗ್ಗು. ಬಿಗಿ ಹೆಚ್ಚಿದಷ್ಟು ಏರು. ಆದ್ರೆ ಬಿಗಿ ಎರಡು ಪಟ್ಟು ಮಾಡಿದ್ರೆ ಶ್ರುತಿ ಎರಡು ಪಟ್ಟು ಏರಲ್ಲ, ಸುಮಾರು 1.4 ಪಟ್ಟು ಅಷ್ಟೇ. ಅಂದ್ರೆ ಮೂಲದಲ್ಲಿ ದಪ್ಪ ಚರ್ಮ ಹಾಕಿ, ಹಗ್ಗ ಎಳೆದು ಸರಿ ಮಾಡ್ತೀನಿ ಅನ್ನೋರ ಮಾತು ಪೂರ್ತಿ ನಂಬಬೇಡಿ. ಹಗ್ಗ ಹರಿಯುತ್ತೆ ಇಲ್ಲ ಚರ್ಮ ಹರಿಯುತ್ತೆ.

ತಬಲಾ, ಮೃದಂಗದ ಮೇಲೆ ಕಪ್ಪು ಕರಣೆ ಇರುತ್ತಲ್ಲ, ಅದು ಸುಮ್ಮನೆ ಅಲಂಕಾರ ಅಲ್ಲ. ಅದರಿಂದಲೇ ಆ ವಾದ್ಯಗಳ ನಾದ ತಂತಿ ವಾದ್ಯದ ಹಾಗೆ ಸ್ವರವಾಗಿ ಕೇಳುತ್ತೆ ಅಂತ ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ರು. ಡೊಳ್ಳಿಗೆ ಆ ಕಪ್ಪು ಇಲ್ಲ. ಅದು ಸ್ವರ ಹಾಡಲ್ಲ, ಗುಡುಗುತ್ತೆ. ಅದಕ್ಕೇ ಡೊಳ್ಳು ಆರಿಸುವಾಗ ‘ಯಾವ ಸ್ವರ’ ಅಂತ ಹುಡುಕೋದಕ್ಕಿಂತ ‘ಸುತ್ತಲೂ ಒಂದೇ ಸಮ ಇದೆಯಾ’ ಅಂತ ಕೇಳೋದು ಮುಖ್ಯ.

ಅಂಗಡಿಯಲ್ಲಿ ನಿಂತಾಗ

ಎರಡನೇ ಸಲ ಕೊಳ್ಳೋಕೆ ಹೋದಾಗ ನಾನೊಬ್ಬನೇ ಹೋಗಲಿಲ್ಲ. ತಂಗಿ, ಇಬ್ಬರು ಅಕ್ಕಾರು, ಜೊತೆಗೆ ನಮ್ಮೂರಿನ ಹಳೇ ಡೊಳ್ಳಿನ ಮೇಳದ ಅಜ್ಜಾರು. ಅಜ್ಜಾರು ಮಾಡಿದ್ದನ್ನ ನಾನು ಹಾಗೇ ಬರೆದುಕೊಂಡೆ.

ಮೊದಲು ಬರೀ ಒಡಲು ತೋರ್ಸ್ರಿ ಅಂದ್ರು, ಚರ್ಮ ಹೊದಿಸೋ ಮುಂಚೆ. ಅದನ್ನ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಒಳಗೆ ಮೊಬೈಲ್ ಟಾರ್ಚ್ ಇಡಿಸಿದ್ರು. ಅಂಚಿನ ಕೆಳಗಿಂದ ಬೆಳಕು ಸೋರಿದ್ರೆ ಬಾಯಿ ಸಮ ಇಲ್ಲ ಅಂತ ಅರ್ಥ. ಅಲ್ಲಿ ಚರ್ಮ ಒಂದೇ ಸಮ ಕೂರಲ್ಲ.

ಆಮೇಲೆ ಒಡಲನ್ನ ಬೆರಳ ಗೆಣ್ಣಿನಿಂದ ತಟ್ಟಿದ್ರು. ಒಣಗಿದ್ದು ಠಣ್ ಅನ್ನುತ್ತೆ, ಹಸಿ ಇದ್ದದ್ದು ದಬ್ ಅನ್ನುತ್ತೆ. ಥೇಟ್ ಮಾವನ ಮೆಣಸಿನಕಾಯಿ! ನಾನು ಇದಕ್ಕೆ ನನ್ನದೊಂದು ಸೇರಿಸಿದೆ. ಮುಂಗಡ ಕೊಟ್ಟ ದಿನ ತೂಗಿ ಬರೆದಿಟ್ಟೆ, ತಿಂಗಳು ಬಿಟ್ಟು ಮತ್ತೆ ತೂಗಿದೆ. ತೂಕ ನಿಂತಿದ್ದರೆ ಮರ ಒಣಗಿದೆ. ಇನ್ನೂ ಇಳೀತಾ ಇದ್ದರೆ ಇನ್ನೊಂದು ತಿಂಗಳು ಬಿಡಿ. ಚರ್ಮ ಹೊದಿಸೋದು ಆಮೇಲೆ.

ಚರ್ಮವನ್ನ ಬೆಳಕಿಗೆ ಹಿಡಿದು ನೋಡಿ. ಸುಲಿಯುವಾಗ ಚಾಕು ತಾಗಿದ ಗೀರು ಇದ್ದರೆ ಗೊತ್ತಾಗುತ್ತೆ, ಮುಂದೆ ಹರಿಯೋದು ಅಲ್ಲಿಂದಲೇ. ಬೆನ್ನುಮೂಳೆಯ ಗೆರೆ ಮುಖದ ನಡುವೆ ಹಾದು ಹೋಗಿರಬೇಕು. ಹಾಗಿದ್ರೆ ಎರಡೂ ಬದಿಯ ದಪ್ಪ ಸರಿಸಮ.

ಕೊನೆಗೆ, ಅಂಚಿನಿಂದ ಎರಡು ಬೆರಳು ಒಳಗೆ ಸುತ್ತಲೂ ಎಂಟು ಕಡೆ ಮೆಲ್ಲಗೆ ತಟ್ಟಿ. ಒಂದು ಕಡೆ ಏರು, ಒಂದು ಕಡೆ ತಗ್ಗು ಕೇಳಿಸಿದ್ರೆ ಹಗ್ಗ ಸರಿಮಾಡಿಸಿ. ಎಷ್ಟು ಸರಿಮಾಡಿದ್ರೂ ಸರಿ ಹೋಗದಿದ್ರೆ ದೋಷ ಚರ್ಮದ್ದು. ಮೇಳಕ್ಕೆ ತಗೊಳ್ಳೋರು ಎಲ್ಲ ಡೊಳ್ಳುಗಳನ್ನ ಒಟ್ಟಿಗೆ ಬಾರಿಸಿ ನೋಡಿ. ಒಂದೊಂದೇ ಚೆನ್ನಾಗಿದ್ದದ್ದು ಸೇರಿದಾಗ ಕಲಸುಮೇಲೋಗರ ಆಗೋದುಂಟು.

ಹಗುರ ಬೇಕು ಅನ್ನೋರಿಗೆ

ನಮ್ಮ ಮುಂದೆ ಇದ್ದ ಪ್ರಶ್ನೆ ಇದೇ. ಕೆಲವರು ಫೈಬರ್ ಒಡಲು, ಪ್ಲಾಸ್ಟಿಕ್ ಮುಚ್ಚಿಗೆ ತಗೊಳ್ಳಿ ಅಂದ್ರು. ಅದನ್ನ ಹೀಯಾಳಿಸೋಕೆ ಹೋಗಲ್ಲ. ಹಗುರ, ಮಳೆಗೆ ಜಗ್ಗಲ್ಲ, ಅಭ್ಯಾಸಕ್ಕೆ ಸರಿ. ಆದ್ರೆ ಅಂಗೈ ಇಟ್ಟಾಗ ಚರ್ಮ ಕೊಡೋ ದಪ್ಪ ಸದ್ದು ಅದರಲ್ಲಿ ಬರಲಿಲ್ಲ, ಸದ್ದು ತೆಳ್ಳಗೆ ಎಳೆದುಕೊಂಡು ಹೋಯ್ತು. "ಇದು ಡಬ್ಬಿ ಆತಲ್ಲ" ಅಂದ್ರು ಒಬ್ಬ ಅಕ್ಕಾರು.

ಕೊನೆಗೆ ಶಿವನೆ ಮರ ಆರಿಸಿದ್ವಿ, ಮುಖ 16 ಇಂಚಿನ ಬದಲು 14 ಇಂಚು. ಅದೇ ಚರ್ಮ, ಅದೇ ಬಿಗಿಗೆ ಶ್ರುತಿ ಹೆಚ್ಚುಕಡಿಮೆ ಸಾ ಇಂದ ರೀಗೆ ಏರಿದಷ್ಟು ಏರುತ್ತೆ. ಎಡಕ್ಕೆ ಸ್ವಲ್ಪ ದಪ್ಪ ಕುರಿ ಚರ್ಮ ಹಾಕಿಸಿ ಆ ಕೊರತೆಯನ್ನ ಅಷ್ಟಿಷ್ಟು ತುಂಬಿಕೊಂಡ್ವಿ. ತೂಕ 7 ಕಿಲೋ ಚಿಲ್ಲರೆ. ತಂಗಿ ಅದನ್ನ ಹೆಗಲಿಗೆ ಹಾಕಿಕೊಂಡು ಅರ್ಧ ಗಂಟೆ ಕುಣಿದಳು. ತೂಕದ ಲೆಕ್ಕ ಅಲ್ಲಿಗೆ ಮುಗೀತು.

ಬೆಲೆ ಬೇರೆ, ಖರ್ಚು ಬೇರೆ

ಬಿ.ಕಾಂ.ನಲ್ಲಿ ಸವಕಳಿ ಅಂತ ಒಂದು ಪಾಠ ಇದೆ. ಡೊಳ್ಳಿಗೆ ಅದನ್ನ ಎರಡು ಸಾಲಲ್ಲಿ ಬರೀಬೇಕು. ಒಡಲು ದಶಕಗಟ್ಟಲೆ ಬರುತ್ತೆ. ಚರ್ಮ ಬರಲ್ಲ, ಬಳಸಿದಂಗೆ ಸವೆಯುತ್ತೆ, ಬದಲಿಸಲೇಬೇಕು. ನಾನು ಮೊದಲ ಸಲ ಕಡಿಮೆ ದರದ ಆಸೆಗೆ ಬಹಳ ದೂರದಿಂದ ತಂದಿದ್ದೆ. ಒಡೆದಾಗ ಕೇಳೋಕೆ ಯಾರೂ ಇರಲಿಲ್ಲ. ಫೋನ್ ಕೂಡ ಎತ್ತಲಿಲ್ಲ. ಈ ಸಲ ಕೊಂಡದ್ದು ಬಸ್ಸಲ್ಲಿ ಬೆಳಗ್ಗೆ ಹೋಗಿ ಸಂಜೆ ಬರೋವಷ್ಟು ಹತ್ತಿರ. ಮೊದಲೇ ಕೇಳಿದ್ವಿ: ಚರ್ಮ ಹರಿದ್ರೆ ನೀವೇ ಹಾಕಿಕೊಡ್ತೀರಾ, ಎಷ್ಟು ದಿನ, ಎಷ್ಟು ದುಡ್ಡು? ಈ ಮೂರಕ್ಕೆ ನೇರ ಉತ್ತರ ಕೊಡೋ ಕುಶಲಕರ್ಮಿ ಸಿಕ್ಕಿದ್ರೆ ಸಾವಿರ ರೂಪಾಯಿ ಹೆಚ್ಚಾದರೂ ಚೌಕಾಸಿ ಮಾಡಬೇಡಿ.

ಕೊಂಡ ಮೇಲೆ ಬಾರಿಸೋದು ಮುಗಿದ ತಕ್ಷಣ ಹಗ್ಗ ಸ್ವಲ್ಪ ಸಡಿಲಿಸಿ. ಒಲೆ ಹತ್ತಿರ, ತಗಡಿನ ಕೆಳಗೆ ಇಡಬೇಡಿ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸದ್ದು ಕುಸಿದರೆ ಹಗ್ಗ ಜಗ್ಗೋಕೆ ಮುಂಚೆ ಬೆಚ್ಚಗಿನ ಜಾಗದಲ್ಲಿಟ್ಟು ಒಣಗಿಸಿ. ಒದ್ದೆ ಚರ್ಮವನ್ನ ಜಗ್ಗಿ ಬಿಗಿ ಮಾಡಿದ್ರೆ ಬಿಸಿಲು ಬಂದ ದಿನ ಅದೇ ಹರಿಯುತ್ತೆ.

ಸೀಳಿದ ಎರಡರಲ್ಲಿ ಒಂದಕ್ಕೆ ಆ ಬಡಿಗರೇ ಸೀಳಿನ ಉದ್ದಕ್ಕೂ ಮರದ ಚಕ್ಕೆ ಕೂರಿಸಿ, ಅಂಟು ಹಾಕಿ, ಕಬ್ಬಿಣದ ಪಟ್ಟಿ ಕಟ್ಟಿಕೊಟ್ರು. ಅಭ್ಯಾಸಕ್ಕೆ ನಡೆಯುತ್ತೆ. ಇನ್ನೊಂದು ನಮ್ಮ ಮನೆ ಪಡಸಾಲೆಯಲ್ಲಿದೆ. ಸಂಘದ ಪುಸ್ತಕದಲ್ಲಿ ಅದನ್ನ ‘ನಷ್ಟ’ ಅಂತ ನಾನೇ ಬರೆದೆ, ಅದರ ಮೊತ್ತವನ್ನ ಕಂತಿನಲ್ಲಿ ನಾನೇ ತುಂಬ್ತಾ ಇದ್ದೀನಿ. ಇನ್ನೂ ಎರಡು ಕಂತು ಬಾಕಿ.

ಈ ಸಲ ಬೀರಪ್ಪನ ಜಾತ್ರೆಗೆ ಮೇಳದ ಹಿಂದೆ ಆ 8 ಜನವೂ ಇದ್ದರು, ಸರದಿ ಮೇಲೆ ಡೊಳ್ಳು ಬದಲಿಸಿಕೊಳ್ತಾ. ಕಟ್ಟೆ ಮೇಲಿದ್ದವರು ಏನಂದ್ರೋ ಗೊತ್ತಿಲ್ಲ. ಡೊಳ್ಳಿನ ಸದ್ದಿಗೆ ಕೇಳಿಸಲಿಲ್ಲ.

ಬೆಂಗಳೂರಿನ ಕೇಳುಗರೇ, ನಿಮ್ಮ ಕಾಂಗಾ ತಗೊಂಡಾಗ ಬಾರಿಸಿ, ಅದರ ಸದ್ದು ಕಳಿಸಿಕೊಡಿ. ತಗೊಳ್ಳೋಕೆ ಮುಂಚೆ ಒಮ್ಮೆ ತೂಗಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರೀ.